"ಇನ್ನೇನು ಬಿಡಲಿ ಮೇಡಂ?"

ಪ್ರತಿ ಸಲ ಸೆಮಿಸ್ಟರ್ ರಿಸಲ್ಟ್ ಬಂದ ಮೇಲೆ ನನ್ನ ಕೋಣೆಗೆ ಮೂರೋ ನಾಲ್ಕೋ ಮಕ್ಕಳು ಒಂದೇ ಕಥೆ ಹೊತ್ತು ಬರುತ್ತಾರೆ. ಒಬ್ಬ ಕೀಬೋರ್ಡ್ ನುಡಿಸುವವನು, ಇನ್ನೊಬ್ಬ ತಬಲಾ ಬಾರಿಸುವವನು, ಮತ್ತೊಬ್ಬಳು ಹಾಡುವವಳು. ಜೊತೆಗೆ ಬಂದ ಅಪ್ಪ ಅಮ್ಮ ಹೇಳುವ ಮಾತೂ ಒಂದೇ. "ಹಾಡು ಗೀಡು ಬಿಟ್ಟು ಓದು ಅಂತ ನೀವಾದರೂ ಹೇಳಿ ಮೇಡಂ."

ದಾವಣಗೆರೆಯಲ್ಲಿ ಆಪ್ತಸಲಹೆಗೆ ಕೂತು ಹನ್ನೊಂದು ವರ್ಷವಾಯಿತು. ಆ ಮಾತನ್ನು ನಾನು ಹೇಳುವುದಿಲ್ಲ. ಯಾಕೆ ಹೇಳಬಾರದು ಎಂದು ನನಗೆ ಸರಿಯಾಗಿ ತಿಳಿಸಿದವಳು ಎರಡು ವರ್ಷದ ಹಿಂದೆ ಬಂದ ಒಬ್ಬ ಹುಡುಗಿ. ಅವಳನ್ನೂ ಅವಳ ತಂದೆಯನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಜಗಳೂರು ಕಡೆಯ ಹಳ್ಳಿ. ಮಳೆ ನಂಬಿದ ಮೆಕ್ಕೆಜೋಳದ ಹೊಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಒಳ್ಳೆ ಮಾರ್ಕ್ಸು. ಪಿಯುಸಿ ಸೈನ್ಸು ಇಂಗ್ಲಿಷಿನಲ್ಲಿ, ಅದನ್ನು ಬಾಯಿಪಾಠ ಮಾಡಿ ದಾಟಿದ್ದಳು. ಆಮೇಲೆ ದಾವಣಗೆರೆಗೆ ಬಂದು ಎಂಜಿನಿಯರಿಂಗ್, ಹಾಸ್ಟೆಲ್ಲು. ತಂದೆ ಊರಿನ ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸುವವರು. ಮಗಳಿಗೂ ಏಳನೇ ವಯಸ್ಸಿನಿಂದ ಕಲಿಸಿದ್ದರು. ಇಷ್ಟು ಹಿನ್ನೆಲೆ ಸಾಕು.

ನನ್ನ ಬಳಿ ಬಂದಾಗ ಮೂರನೇ ಸೆಮಿಸ್ಟರ್ ಮುಗಿದಿತ್ತು. ಎರಡು ಸಬ್ಜೆಕ್ಟು ಬ್ಯಾಕ್‌ಲಾಗ್, ಎರಡೂ ಗಣಿತ. ಹಾಜರಿ ಶೇ 85ರ ಅಂಚಿನಲ್ಲಿ ನಿಂತಿತ್ತು. ಕಾಲೇಜುಗಳ ಮೇಲಿನ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುದ ನಿಯಮದಲ್ಲಿ ಅದಕ್ಕಿಂತ ಕೆಳಗೆ ಇಳಿದು, ವಿನಾಯಿತಿಯೂ ಸಿಗದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಮೊದಲ ಭೇಟಿಯಲ್ಲಿ ನಾನು ಮಾಡಿದ ಕೆಲಸ ಹೇಳುತ್ತೇನೆ. ಅವಳ ದಿನ ಹೇಗೆ ಹೋಗುತ್ತದೆ ಎಂದು ಕೇಳಿದೆ. ಬೆಳಿಗ್ಗೆ ಆರಕ್ಕೆ ಸ್ನಾನದ ನೀರಿಗೆ ಸಾಲು, ಎಂಟಕ್ಕೆ ತಿಂಡಿ, ಸಿಟಿ ಬಸ್ಸು, ನಾಲ್ಕೂವರೆವರೆಗೆ ಕ್ಲಾಸು ಇಲ್ಲವೇ ಲ್ಯಾಬು, ಸಂಜೆ ಸುಸ್ತು, ರಾತ್ರಿ ಮೊಬೈಲು. ಒಂದು ಹಾಳೆ ತೆಗೆದುಕೊಂಡು ವೇಳಾಪಟ್ಟಿ ಬರೆದುಕೊಟ್ಟೆ. ಅವಳು ಎಲ್ಲಕ್ಕೂ ತಲೆ ಆಡಿಸಿದಳು. ನನ್ನ ಪುಸ್ತಕದಲ್ಲಿ 'ಸಮಯ ಹೊಂದಿಸಿಕೊಳ್ಳುವ ಸಮಸ್ಯೆ' ಎಂದು ಬರೆದುಕೊಂಡೆ. ಆ ಸಾಲು ಈಗಲೂ ನನ್ನನ್ನು ಕಾಡುತ್ತದೆ. ತಲೆ ಆಡಿಸುವ ಮಕ್ಕಳ ಬಗ್ಗೆ ನಾನು ಎಚ್ಚರವಾಗಿರಬೇಕಿತ್ತು.

ಎರಡನೇ ಸಲ ಬಂದಾಗ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದಳು. ಒಂದು ದಿನವೂ ಅದರ ಪ್ರಕಾರ ನಡೆದಿರಲಿಲ್ಲ. ನಾನು ಸುಮ್ನೆ ಮಾತಿಗೆ ಕೇಳಿದೆ, "ಹಾಡೋದು ಎಷ್ಟು ಹೊತ್ತು?"

"ಹಾಡು ಬಿಟ್ಟು ಎಂಟು ತಿಂಗಳಾಯ್ತು ಮೇಡಂ."

ನನ್ನ ಪೆನ್ನು ನಿಂತಿತು. ಅವಳೇ ಮುಂದುವರಿಸಿದಳು. "ಮೊದಲ ಸಲ ಫೇಲ್ ಆದಾಗ ಎಲ್ಲರೂ ಹಾಡಿನಿಂದ ಹಿಂಗಾಯ್ತು ಅಂದರು. ಬಿಟ್ಟೆ. ಆಮೇಲೆ ಫ್ರೆಂಡ್ಸ್ ಜೊತೆ ತಿರುಗೋದು ಜಾಸ್ತಿ ಆಯ್ತು ಅಂದರು. ಅದನ್ನೂ ಬಿಟ್ಟೆ. ಆದರೂ ಫೇಲ್ ಆದೆ. ಇನ್ನೇನು ಬಿಡಲಿ ಮೇಡಂ?"

ಈ ಪ್ರಶ್ನೆ ಕೇಳುವಾಗ ಅವಳು ಅಳಲಿಲ್ಲ. ಅಳದೆ ಕೇಳಿದ್ದೇ ನನಗೆ ಹೆದರಿಕೆ ತಂದಿತು. ಒಂದೊಂದನ್ನೇ ಬಿಡುತ್ತಾ ಬಂದವರಿಗೆ ಕೊನೆಗೆ ಬಿಡಲು ಉಳಿಯುವುದು ಏನು? ಹಾಗಾಗಿ ನೇರವಾಗಿ ಕೇಳಿದೆ. "ಸಾಯಬೇಕು ಅಂತ ಯಾವಾಗಾದರೂ ಅನ್ನಿಸಿದೆಯಾ?"

ಈ ಪ್ರಶ್ನೆಯ ಬಗ್ಗೆ ಓದುಗರಿಗೆ ಒಂದು ಮಾತು ಹೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯೋಚನೆ ಇದ್ದವರಿಗೆ ಕೇಳಿಸಿಕೊಂಡ ಮೇಲೆ ಎದೆಯ ಭಾರ ಕಡಿಮೆಯಾಗುತ್ತದೆ, ಇಲ್ಲದವರು ಇಲ್ಲ ಎನ್ನುತ್ತಾರೆ. ಮನೆಯಲ್ಲಿ ಮಗ ಮಗಳು ಇಂಥ ಮಾತಾಡಿದರೆ ನೀವೂ ಕೇಳಿ. ಬೈಯದೆ ಕೇಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡು ಕಟ್ಟಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸಾಯೋದಲ್ಲ ಮೇಡಂ. ಎಲ್ಲಾದರೂ ಹೋಗಿಬಿಡೋಣ ಅನ್ಸುತ್ತೆ. ಎರಡು ಸಲ ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂತು ವಾಪಸ್ ಬಂದೆ."

"ಯಾವ ಕಡೆ ಹೋಗೋಕೆ?"

"ಬೆಂಗಳೂರು. ಯಾವುದಾದರೂ ಅಂಗಡೀಲಿ ಕೆಲಸ ಸಿಗುತ್ತೆ ಅಲ್ವಾ?"

ಇನ್ನೂ ನಾಲ್ಕಾರು ಪ್ರಶ್ನೆ ಕೇಳಿ ಖಾತ್ರಿ ಮಾಡಿಕೊಂಡೆ. ಮತ್ತೆ ಸ್ಟೇಷನ್ನಿಗೆ ಹೋಗುವ ಮನಸ್ಸಾದರೆ ಮೊದಲು ಯಾರಿಗೆ ಫೋನ್ ಮಾಡಬೇಕು ಎಂದು ಅವಳೇ ಮೂರು ಹೆಸರು ಬರೆದಳು. ಅವಳ ಒಪ್ಪಿಗೆ ಪಡೆದು ವಾರ್ಡನ್‌ಗೂ ತಿಳಿಸಿದೆ. ವಾರಕ್ಕೊಮ್ಮೆ ಬರುವುದು ಎಂದು ಮಾಡಿಕೊಂಡೆವು. ಆಮೇಲೆ ಹಾಡಿನ ವಿಷಯಕ್ಕೆ ಬಂದೆವು.

ಹಾಡುತ್ತಿದ್ದ ಕಾಲದಲ್ಲಿ ಅವಳು ರಾತ್ರಿ ಊಟಕ್ಕೆ ಮುಂಚೆ ಹಾಸ್ಟೆಲ್ ಮಹಡಿ ಮೇಲೆ ಅರ್ಧ ಗಂಟೆ ಕೂರುತ್ತಿದ್ದಳು. ವಚನ, ದಾಸರ ಪದ, ಅಪ್ಪ ಕಲಿಸಿದ ತತ್ವಪದ. ಒಬ್ಬೊಬ್ಬರೇ ಬಂದು ಸುತ್ತ ಕೂರುತ್ತಿದ್ದರಂತೆ. ಪಕ್ಕದ ರೂಮಿನವರು, ಒಗೆದ ಬಟ್ಟೆ ತೆಗೆಯಲು ಬಂದವರು. ಇಂಗ್ಲಿಷಿನಲ್ಲಿ ಬಾಯಿ ಬಿಡಲು ಹೆದರುವ ಹುಡುಗಿಗೆ ಇಡೀ ದಿನದಲ್ಲಿ ತಾನು ಯಾರೋ ಒಬ್ಬಳು ಅನ್ನಿಸುತ್ತಿದ್ದ ಅರ್ಧ ಗಂಟೆ ಅದು. ಬಿಟ್ಟ ಮೇಲೆ ಆ ಹೊತ್ತಿಗೆ ಏನು ಮಾಡುತ್ತೀ ಎಂದು ಕೇಳಿದೆ. ಮಂಚದ ಮೇಲೆ ಮಲಗಿ ರೀಲ್ಸ್ ನೋಡುತ್ತಿದ್ದಳು. ಅರ್ಧ ಗಂಟೆ ಉಳಿಸಲು ಹೋಗಿ ದಿನಕ್ಕೆ ಎರಡು ಗಂಟೆ ಕಳೆದಿದ್ದಳು. ಓದುವಾಗ ಕಿವಿಗೆ ಇಯರ್‌ಫೋನ್ ಬೇರೆ. ತಾನು ಹಾಡುವುದಿಲ್ಲ, ಕೇಳುವುದರಲ್ಲಿ ತಪ್ಪೇನು ಎಂಬ ಸಮಾಧಾನ.

ಹಾಗಾದರೆ ಗಣಿತ ಹೋಗಿದ್ದು ಯಾಕೆ? ನಾನು ಗಣಿತದವಳಲ್ಲ. ಆದರೆ ಹೇಗೆ ಓದುತ್ತೀ ಎಂದು ಕೇಳಬಲ್ಲೆ. ಬಿಡಿಸಿದ ಲೆಕ್ಕವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದುತ್ತಾಳೆ. ಅರ್ಥವಾಯಿತು ಅನ್ನಿಸುತ್ತದೆ. ಮುಂದಿನ ಲೆಕ್ಕಕ್ಕೆ ಹೋಗುತ್ತಾಳೆ. ಪುಸ್ತಕ ಮುಚ್ಚಿ ಒಂದನ್ನೂ ಮಾಡಿ ನೋಡಿಲ್ಲ.

"ಅಪ್ಪ ಹಾರ್ಮೋನಿಯಂ ಹೇಗೆ ಕಲಿಸಿದರು?" ಎಂದೆ.

ಆ ದಿನ ಮೊದಲ ಸಲ ಅವಳ ಮುಖ ಬೆಳಗಿತು. ಭೂಪ್ ರಾಗದ ಐದು ಸ್ವರ, ಸ ರಿ ಗ ಪ ದ. ಮ ಮತ್ತು ನಿ ಅದರಲ್ಲಿ ಇಲ್ಲ. ಅಷ್ಟರಲ್ಲೇ ಒಂದು ತಿಂಗಳು ಕೂರಿಸಿದ್ದರಂತೆ. ಮೊದಲು ನಿಧಾನ, ಸರಿಯಾದ ಮೇಲೆ ಮಾತ್ರ ದುಗುಣ, ಅಂದರೆ ಎರಡು ಪಟ್ಟು ವೇಗ. ತಪ್ಪಿದರೆ ಮತ್ತೆ ಮೊದಲಿನಿಂದ ನುಡಿಸಲು ಬಿಡುತ್ತಿರಲಿಲ್ಲ. ಎಲ್ಲಿ ಬೆರಳು ಎಡವಿತೋ ಆ ಎರಡು ಮೂರು ಸ್ವರಗಳನ್ನೇ ಇಪ್ಪತ್ತು ಸಲ ನುಡಿಸಬೇಕು. "ಗೊತ್ತಿರೋದನ್ನ ಎಷ್ಟು ಸಲ ಬಾರಿಸಿದರೂ ಗೊತ್ತಿಲ್ಲದ್ದು ಗೊತ್ತಾಗಲ್ಲ ಮಗಾ ಅಂತಿದ್ರು ಅಪ್ಪ."

"ಗಣಿತದಲ್ಲಿ ನಿನ್ನ ಬೆರಳು ಎಲ್ಲಿ ಎಡವುತ್ತೆ?"

ಉತ್ತರ ಅಲ್ಲೇ ಬರಲಿಲ್ಲ. ಮುಂದಿನ ವಾರ ಬಂತು. ಪುಸ್ತಕ ಮುಚ್ಚಿ ಹತ್ತು ಲೆಕ್ಕ ಮಾಡಿ ನೋಡಿದ್ದಳು. ಎಂಟು ಲೆಕ್ಕ ಒಂದೇ ಕಡೆ ನಿಂತಿದ್ದವು. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸುತ್ತಾ ಇಂಟಿಗ್ರೇಷನ್ ಬಂದ ಕೂಡಲೇ. ಅದು ಎರಡನೇ ಪಿಯುಸಿ ಪಾಠ. ಬಾಯಿಪಾಠದಲ್ಲಿ ದಾಟಿ ಬಂದ ತೂತು ಅದು. ಮೂರು ಸೆಮಿಸ್ಟರ್‌ಗಳ ಕಾಲ ತನ್ನ ತಲೆಯೇ ದಡ್ಡು ಎಂದುಕೊಂಡಿದ್ದ ಹುಡುಗಿಗೆ ಕಲಿಯಬೇಕಿದ್ದದ್ದು ಒಂದೂವರೆ ಅಧ್ಯಾಯ.

ನಾನು ಕೊಟ್ಟ ಸಲಹೆ ಇಷ್ಟು. ಅರ್ಧ ಗಂಟೆ ಹಾಡು, ದಿನಾ, ಅದೇ ಹೊತ್ತಿಗೆ, ಅದೇ ಮಹಡಿ ಮೇಲೆ. ಆರ್ಕೆಸ್ಟ್ರಾದವರು ಶನಿವಾರ ರಾತ್ರಿಗೆ ಕರೆದರೆ ಪರೀಕ್ಷೆ ಮುಗಿಯುವವರೆಗೆ ಬೇಡ. ಹೊಸ ಗಣಿತ ಬದಿಗಿಟ್ಟು ಎರಡು ವಾರ ಪಿಯುಸಿ ಪುಸ್ತಕ. ಓದುವಾಗ ಇಯರ್‌ಫೋನ್ ಬೇಡ. ಹಾಡಿನ ಮಾತು ಮತ್ತು ಪುಸ್ತಕದ ಮಾತು ಎರಡಕ್ಕೂ ತಲೆಯಲ್ಲಿ ಒಂದೇ ಜಾಗ ಬೇಕು, ಎರಡೂ ಕಿತ್ತಾಡುತ್ತವೆ. ಸಂಗೀತ ಬಲ್ಲವರಿಗೆ ಇದು ಇನ್ನೂ ಕಷ್ಟ. ಅವರಿಗೆ ಹಾಡು ಹಿಂದೆ ಎಲ್ಲೋ ಕೇಳುತ್ತಾ ಇರುವುದಿಲ್ಲ. ಇದು ಯಾವ ರಾಗ, ಇಲ್ಲಿ ಯಾಕೆ ತೀವ್ರ ಮಧ್ಯಮ ಬಂತು ಎಂದು ಮನಸ್ಸು ಅದರ ಹಿಂದೆ ಹೋಗಿಬಿಡುತ್ತದೆ. ಅವಳು ಇದನ್ನು ಒಪ್ಪಿಕೊಂಡು ನಕ್ಕಳು. ಕೊನೆಯದಾಗಿ, ರೂಮಿನ ಒಬ್ಬ ಗೆಳತಿಗಾದರೂ ನಿಜ ಹೇಳು ಎಂದೆ.

ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲೆಲ್ಲ ಶನಿವಾರ ಸಂಜೆ ನಾಲ್ವರೂ ಬೆಣ್ಣೆ ದೋಸೆಗೋ ಮಂಡಕ್ಕಿ ಮಿರ್ಚಿಗೋ ಹೋಗುತ್ತಿದ್ದರು. ಫೇಲ್ ಆದ ಮೇಲೆ ಪ್ರತಿ ಸಲ ಹೊಟ್ಟೆನೋವು ಎಂದು ಉಳಿದುಬಿಡುತ್ತಿದ್ದಳು. ಮೂರನೇ ವಾರ ಧೈರ್ಯ ಮಾಡಿ ಹೇಳಿದಾಗ ಗೆಳತಿ ಅಂದಳಂತೆ, "ನಾವು ಪಾಸಾದೆವು ಅಂತ ನಮ್ಮ ಮೇಲೆ ಸಿಟ್ಟು, ಅದಕ್ಕೇ ಹಾಡೋದು ನಿಲ್ಲಿಸಿದೀಯ ಅಂದ್ಕೊಂಡಿದ್ದೆ ಕಣೇ." ಎಂಟು ತಿಂಗಳು ಒಂದೇ ರೂಮಿನಲ್ಲಿ ಮಲಗಿದವರು ಒಬ್ಬರನ್ನೊಬ್ಬರು ಹೀಗೆ ತಪ್ಪಾಗಿ ತಿಳಿದಿದ್ದರು.

ಅಪ್ಪನನ್ನು ಕರೆಸಿದೆ. ಸಿಟ್ಟಿನ ಮನುಷ್ಯ ಬರುತ್ತಾನೆ ಎಂದುಕೊಂಡಿದ್ದೆ. ಬಂದವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತರು.

"ಹಾಡಬ್ಯಾಡ ಅಂತ ನಾನು ಒಂದಿನಾನೂ ಬೈದಿಲ್ರಿ. ಆದ್ರ ಈ ಚಟ ಹಚ್ಚಿದೋನು ನಾನೇ ಅಲ್ರಿ? ಮಗಳು ಬಿಟ್ಟಳು ಅಂತ ಗೊತ್ತಾದ ದಿನ ನಾನೂ ಪೆಟ್ಟಿಗೆ ಅಟ್ಟಕ್ಕ ಹಾಕಿದೆ. ಭಜನಿಗೂ ಹೋಗಿಲ್ರಿ."

ಇದು ಮಗಳಿಗೆ ಗೊತ್ತಿರಲಿಲ್ಲ. ಇಬ್ಬರೂ ನೆಲ ನೋಡುತ್ತಾ ಕೂತರು.

ನಾನು ಹೇಳಿದೆ, "ಯಜಮಾನ್ರೇ, ಇದು ಚಟ ಅಲ್ಲ. ತಪ್ಪಿದ ಕಡೆ ನಿಂತು ತಿದ್ದಿಕೊಳ್ಳೋದನ್ನ ಇವಳಿಗೆ ಕಲಿಸಿದ್ದು ನೀವು. ಈಗ ಗಣಿತ ಕಲೀತಿರೋದು ಅದೇ ವಿದ್ಯೆಯಿಂದ."

ಅವರು ಹುಡುಗರಾಗಿದ್ದಾಗ ಕಂಪನಿ ನಾಟಕ ನೋಡಲು ದಾವಣಗೆರೆಗೆ ಬರುತ್ತಿದ್ದರಂತೆ. ಇದು ರಂಗನಟಿ ಚಿಂದೋಡಿ ಲೀಲಾ ಅವರ ಊರು. ರಾತ್ರಿಯಿಡೀ ನಾಟಕ ನೋಡಿ, ಬೆಳಗಿನ ಬಸ್ಸಿಗೆ ಹೋಗಿ ನೇಗಿಲು ಹಿಡಿದವರು. "ಹಾಡು ಕೇಳಿದ್ದಕ್ಕ ಹೊಲ ಬೀಳು ಬಿದ್ದಿಲ್ರಿ" ಎಂದು ಅವರೇ ಅಂದರು. ಆಮೇಲೆ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ನನ್ನ ಸಲಹೆಯನ್ನು ಎಲ್ಲರೂ ಮೆಚ್ಚಲಿಲ್ಲ. ಪರಿಚಯದ ಉಪನ್ಯಾಸಕರೊಬ್ಬರು ಕೇಳಿದರು. "ಇವತ್ತು ಹಾಡು ಅಂತೀರಿ. ನಾಳೆ ಮತ್ತೆ ಫೇಲ್ ಆದರೆ ಆ ಬಡ ತಂದೆಗೆ ಯಾರು ಜವಾಬ್ದಾರಿ?" ನ್ಯಾಯವಾದ ಪ್ರಶ್ನೆಯೇ. 1951ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಊರು ಇದು. ಹತ್ತಿ ಗಿರಣಿಗಳು ಮುಚ್ಚಿದ ಮೇಲಂತೂ ಸುತ್ತಲಿನ ತಾಲ್ಲೂಕುಗಳ ಆಸೆಯೆಲ್ಲ ಇಲ್ಲಿನ ಕಾಲೇಜುಗಳ ಮೇಲಿದೆ. ಸಾಲ ಮಾಡಿ ಫೀಸು ಕಟ್ಟುವವರ ಮುಂದೆ ಹಾಡಿನ ಪರ ಮಾತಾಡುವುದು ನನಗೂ ಹಗುರವಲ್ಲ. ಆದರೆ ನನ್ನ ಮಾತು ಹಾಡಿನ ಮೇಲಿನ ಮೋಹದಿಂದ ಬಂದದ್ದಲ್ಲ. ಹಾಡು ನಿಲ್ಲಿಸಿ ಎಂಟು ತಿಂಗಳು ಆಗಿತ್ತು, ಮಾರ್ಕ್ಸು ಏರಿರಲಿಲ್ಲ. ಇನ್ನೂ ಎಷ್ಟು ತಿಂಗಳು ಅದೇ ಔಷಧಿ ಕೊಡಬೇಕು? ದಿನವಿಡೀ ಸಂಗೀತದಲ್ಲೇ ಮುಳುಗಿ ಕ್ಲಾಸಿಗೆ ಹೋಗದ ಮಕ್ಕಳೂ ನನ್ನ ಬಳಿ ಬಂದಿದ್ದಾರೆ. ಅವರಿಗೆ ಕಡಿಮೆ ಮಾಡು ಎಂದೇ ಹೇಳಿದ್ದೇನೆ. ಅಂಥವರಲ್ಲೂ ಬಹಳ ಮಂದಿ ಮೊದಲು ಪಾಠ ಕೈತಪ್ಪಿ, ನಾಚಿಕೆಯಿಂದ ಹಾಡಿನೊಳಗೆ ಹೋಗಿ ಅಡಗಿದವರು. ಪಾಠ ಎಲ್ಲಿ ಕೈತಪ್ಪಿತು ಎಂದು ಕೇಳದೆ ಅಡಗಿದ ಜಾಗವನ್ನಷ್ಟೇ ಕಿತ್ತುಕೊಂಡರೆ ಮಗು ಹೋಗುವುದೆಲ್ಲಿಗೆ? ನನ್ನ ಹುಡುಗಿ ರೈಲ್ವೆ ಸ್ಟೇಷನ್ನಿನ ಬೆಂಚಿಗೆ ಹೋಗಿದ್ದಳು.

ಮುಂದಿನ ಪರೀಕ್ಷೆಯಲ್ಲಿ ಎರಡರಲ್ಲಿ ಒಂದು ಗಣಿತ ಪಾಸಾಯಿತು. ಇನ್ನೊಂದು ಉಳಿಯಿತು. ಉಪನ್ಯಾಸಕರಿಗೆ ನಾನೇ ಫೋನ್ ಮಾಡಿ ಎರಡನ್ನೂ ಹೇಳಿದೆ. ಅವಳು ಫೇಲ್ ಆದ ಸುದ್ದಿಯನ್ನು ಆ ಸಂಜೆಯೇ ಗೆಳತಿಯರಿಗೆ ಹೇಳಿದ್ದಳು, ಮಹಡಿಗೂ ಹೋಗಿದ್ದಳು. ಆ ದಿನ ಗಂಟಲು ಕಟ್ಟಿ ಹಾಡಲಾಗಲಿಲ್ಲವಂತೆ. ಸುಮ್ಮನೆ ಕೂತು ಬಂದರಂತೆ ನಾಲ್ವರೂ.

ಉಳಿದ ಗಣಿತದ ಪರೀಕ್ಷೆಗೆ ಎರಡು ವಾರ ಇದ್ದಾಗ ಅವಳ ತಂದೆ ನನ್ನ ಬಾಗಿಲಿಗೆ ಬಂದರು. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಹಾರ್ಮೋನಿಯಂ. ಅಟ್ಟದ ಮೇಲೆ ಇದ್ದಾಗ ಇಲಿ ತಿದಿಯನ್ನು ಕಡಿದಿತ್ತು. ಊರಿನ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದರು, ರಿಪೇರಿಗೆ.

"ಶ್ರಾವಣ ಬಂತಲ್ರಿ, ಭಜನಿಗೆ ಬೇಕು" ಎಂದರು. ಸ್ವಲ್ಪ ಹೊತ್ತು ನಿಂತು ಮತ್ತೆ ಕೇಳಿದರು. "ಮೇಡಂ, ರಿಪೇರಿ ಆದಮ್ಯಾಲ ಹಾಸ್ಟೆಲ್ ಹಾದು ಹೋಗ್ಲೇನ್ರಿ? ಪರೀಕ್ಷೆ ಹತ್ತಿರ ಐತಿ. ಅವಳು ಒಂದ್ಸಲ ನುಡಿಸಿ ನೋಡಿದ್ರ ಏನೂ ಆಗಂಗಿಲ್ಲ ಅಲ್ರಿ?"

ಅವಳನ್ನೇ ಕೇಳಿ ಎಂದು ನನ್ನ ಫೋನ್ ಅವರ ಕೈಗೆ ಕೊಟ್ಟೆ.