ಶೀಟಿನ ಧೂಳೋ, ಎಲೆ ಅಡಿಕೆಯೋ?

ಪ್ರಶ್ನೆ: ನನಗೆ 48 ವರ್ಷ. 22 ವರ್ಷದಿಂದ ಮಾಡಿಗೆ ಸಿಮೆಂಟ್ ಶೀಟು ಹಾಕುವ ಕೆಲಸ. ಒಂದೂವರೆ ತಿಂಗಳಿಂದ ಸ್ವರ ಒಡೆದಿದೆ. ಎಲೆ ಅಡಿಕೆ, ಹೊಗೆಸೊಪ್ಪು ಅಭ್ಯಾಸ ಇದೆ. ಅದರಿಂದಲೇ ಅಂತ ಹೆಂಡತಿ, ಧೂಳಿನಿಂದ ಅಂತ ನಾನು. ಯಾರು ಸರಿ?
– ಹೆಸರು ಬೇಡ, ಸುರತ್ಕಲ್

ಉತ್ತರ: ಜಗಳ ಆಮೇಲೆ ಮಾಡಿ, ಮೊದಲು ಗಂಟಲು ತೋರಿಸಿ ಮಾರಾಯ್ರೆ. ಸ್ವರ ಒಡೆದು 3 ವಾರ ದಾಟಿದರೆ ಕಷಾಯ ಕುಡಿದು ಕಾಯುವುದಲ್ಲ. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲೋ ನಿಮಗೆ ಹತ್ತಿರವಿರುವ ಬೇರೆ ಕಡೆಯೋ ಕಿವಿ-ಮೂಗು-ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಧ್ವನಿಪೆಟ್ಟಿಗೆ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಸುಮ್ನೆ ಊತವೂ ಇರಬಹುದು. ಅಕಸ್ಮಾತ್ ಕ್ಯಾನ್ಸರೇ ಆದರೂ, ಸ್ವರದ ಎಳೆಯಲ್ಲಿ ಹುಟ್ಟುವಂಥದ್ದು ಬೇಗ ಸ್ವರ ಕೆಡಿಸಿ ಸುಳಿವು ಕೊಡುತ್ತದೆ. ಆಗಲೇ ಹಿಡಿದರೆ ಹೆಚ್ಚಿನವರಿಗೆ ಗುಣವಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಇಬ್ಬರೂ ಸರಿ, ಅದೇ ಬೇಸರದ ಸಂಗತಿ. ಹಳೆಯ ಸಿಮೆಂಟ್ ಶೀಟುಗಳಲ್ಲಿ, ಈಗಿನ ಎಷ್ಟೋ ಶೀಟುಗಳಲ್ಲೂ, ಕಲ್ನಾರು ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಅದರ ಎಳೆ ಶ್ವಾಸಕೋಶಕ್ಕೆ ಮಾತ್ರ ಅಲ್ಲ, ಧ್ವನಿಪೆಟ್ಟಿಗೆಗೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿದೆ. ಕಾಯಿಲೆ ಕಾಣಿಸಲು 20-30 ವರ್ಷ ಹಿಡಿಯುವುದರಿಂದ, ಇಷ್ಟು ವರ್ಷ ಏನೂ ಆಗಲಿಲ್ಲ ಅನ್ನುವ ಧೈರ್ಯಕ್ಕೆ ಅರ್ಥವಿಲ್ಲ. ಬ್ಯಾಟರಿ, ಎಲೆಕ್ಟ್ರೋಪ್ಲೇಟಿಂಗ್ ಕಡೆ ಗಂಧಕಾಮ್ಲದ ಆವಿ ಕುಡಿಯುವವರಿಗೂ ಇದೇ ಅಪಾಯ. ಮರದ ಮಿಲ್ಲಿನ ಧೂಳು ಮಾತ್ರ ಮೂಗು ಮತ್ತು ಅದರ ಹಿಂದಿನ ಭಾಗಕ್ಕೆ ಜಾಸ್ತಿ ಪೆಟ್ಟು ಕೊಡುತ್ತದೆ.

ಹಾಗಂತ ಎಲೆ ಅಡಿಕೆ ಬಚಾವಾಗುವುದಿಲ್ಲ. ಹೊಗೆಸೊಪ್ಪು ಹಾಕಿ ಜಗಿದರೆ ಬಾಯಿ, ಗಂಟಲು, ಅನ್ನನಾಳ ಮೂರಕ್ಕೂ ಕುತ್ತು. ಅಡಿಕೆಯೂ ಕ್ಯಾನ್ಸರ್ ತರುತ್ತದೆ, ನಮ್ಮ ಕರಾವಳಿಯಲ್ಲಿ ಇದನ್ನು ಹೇಳಿದರೆ ಜನ ಮುಖ ಸಿಂಡರಿಸುತ್ತಾರೆ, ಏನು ಮಾಡುವುದು. ಬೀಡಿ, ಕುಡಿತ ಇದ್ದರೆ ಅದನ್ನೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಧ್ವನಿಪೆಟ್ಟಿಗೆಗೆ ಅವೆರಡೇ ದೊಡ್ಡ ಶತ್ರುಗಳು, ಒಟ್ಟಿಗೆ ಸೇರಿದರೆ ಅಪಾಯ ಎಷ್ಟೋ ಪಟ್ಟು ಏರುತ್ತದೆ.

ಕೆಲಸ ಬಿಡಿ ಅಂತ ಹೇಳುವುದು ನನಗೆ ಸುಲಭ, ಮನೆ ನಡೆಯಬೇಕಲ್ವಾ. ಶೀಟು ಒಣಗಿದ್ದಾಗ ಕಟ್ಟಿಂಗ್ ಮೆಷಿನ್ ಹಾಕಬೇಡಿ. ನೀರು ಹಾಕಿ ಕೈಗರಗಸದಲ್ಲಿ ಕತ್ತರಿಸಿ. ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಆ ಎಳೆಗಳು ನಿಲ್ಲುವುದಿಲ್ಲ, ಸರಿಯಾದ ಫಿಲ್ಟರ್ ಇರುವ ಮಾಸ್ಕ್ ಕೇಳಿ ತೆಗೆದುಕೊಳ್ಳಿ. ಕೆಲಸದ ಅಂಗಿಯನ್ನು ಮನೆಯೊಳಗೆ ಕೊಡವಬೇಡಿ. ಒಗೆಯುವವರು ನಿಮ್ಮ ಹೆಂಡತಿಯಾದರೆ ಅದೇ ಧೂಳು ಅವರ ಗಂಟಲಿಗೂ ಹೋಗುತ್ತದೆ.