ತೊಗರಿ ಒಣಗಿದ ವರ್ಷ, ಅಪ್ಪ ಕೇಳಿದ ಪ್ರಶ್ನೆ

ನಾನು ಆಪ್ತ ಸಮಾಲೋಚಕಿ, ಇದು ನನ್ನ ಹತ್ರ ಬಂದಿದ್ದ ಒಬ್ಬ ಪತ್ರಿಕಾ ವರದಿಗಾರನ ಕಥೆ. ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ, ಅವನ ಒಪ್ಪಿಗೆ ತಗೊಂಡೇ ಬರೀತಿರೋದು. ಕಲಬುರಗಿಯಲ್ಲಿ ನನ್ನ ಹತ್ರ ಇಂಥ ಕೇಸು ಬಂದಿದ್ದು ಇದೇ ಮೊದಲಲ್ಲ, ಹಿಂದಿನ ಸರ್ಕಾರ ಇದ್ದಾಗ್ಲೂ ಬಂದಿದ್ರು, ಪಕ್ಷ ಬೇರೆ, ಪೇಪರ್ ಬೇರೆ, ಎದೆ ಹಿಡ್ಕೊಂಡು ಕೂತ್ಕೊಳ್ಳೋ ರೀತಿ ಮಾತ್ರ ಅದೇ.

ಈತ ಮೂವತ್ತೈದರ ಆಸುಪಾಸಿನ ವರದಿಗಾರ. ನಿದ್ದೆ ಇಲ್ಲ, ಎದೆ ಬಿಗಿತ, ಇಸಿಜಿ ನಾರ್ಮಲ್, ಡಾಕ್ಟರೇ ನನ್ನ ಕಡೆ ಕಳ್ಸಿದ್ದು. ಮೊದಲ ಮೂರು ಸಿಟ್ಟಿಂಗ್ ಪೂರ್ತಿ ಭಾಷಣ. 2024ರ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 180 ದೇಶದಲ್ಲಿ ನಾವು 159ನೇದು, 1975ರ ತುರ್ತು ಪರಿಸ್ಥಿತಿಯಲ್ಲಿ ಸೆನ್ಸಾರ್ ಅಧಿಕಾರಿ ಆದ್ರೂ ಇದ್ದ, ಈಗ ಯಾರೂ ಫೋನ್ ಮಾಡೋದೇ ಬೇಡ, ಸರ್ಕಾರಿ ಜಾಹೀರಾತಿನ ಬಿಲ್ ನಿಂತ್ರೆ ಸಾಕು ಪತ್ರಿಕೆಯ ಡೆಸ್ಕ್ ತಾನೇ ಕತ್ತರಿ ಹಾಕ್ತದೆ, ಹಿಂಗೇ. ಹೈದರಾಬಾದಿನ ಇಮ್ರೋಜ್ ಅನ್ನೋ ಉರ್ದು ಪತ್ರಿಕೆಯ ಶೋಯೆಬುಲ್ಲಾ ಖಾನ್ ಹೆಸರಂತೂ ಪದೇ ಪದೇ. ಹೈದರಾಬಾದ್ ಭಾರತಕ್ಕೆ ಸೇರ್ಬೇಕು ಅಂತ ಬರೆದಿದ್ದಕ್ಕೆ 1948ರ ಆಗಸ್ಟಲ್ಲಿ ಅವರನ್ನ ಕೊಂದ್ರು, ಆಗ ನಮ್ಮ ಕಲಬುರಗಿನೂ ನಿಜಾಮರ ಕೈಯಾಗೇ ಇತ್ತು. "ಅವ್ರು ಜೀವ ಕೊಟ್ರು, ನಾ ಒಂದು ಹೆಡ್ಡಿಂಗ್ ಉಳಿಸ್ಕೊಳ್ಳಿಲ್ರಿ ಮೇಡಂ" ಅಂತಿದ್ದ.

ಎಲ್ಲಾ ಖರೆನೇ, ಆದ್ರೆ ಅದ್ರಲ್ಲಿ ಅವನೇ ಇರ್ಲಿಲ್ಲ. ನಾಲ್ಕನೇ ಸಲ ನಾನು ದೇಶದ ಮಾತು ಬಿಡ್ರಿ, ಊರಿಗೆ ಯಾವಾಗ ಹೋಗಿದ್ರಿ ಅಂದೆ. ಬಹಳ ಹೊತ್ತು ಸುಮ್ನಿದ್ದ.

ಎಳ್ಳಮಾವಾಸ್ಯೆಗೆ ಹೋಗಿದ್ನಂತೆ. ಹೊಲದಲ್ಲಿ ಭೂಮಿತಾಯಿಗೆ ಎಡೆ ಅಂತ ಚರಗ ಚೆಲ್ಲಿ ಎಲ್ರೂ ಕಾಳು-ಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣಾಕ ಕೂತಿದ್ರು. ಸುತ್ತ ನಾಲ್ಕು ಎಕರೆ ತೊಗರಿ ನೆಟೆ ರೋಗ ಬಂದು ನಿಂತಲ್ಲೇ ಒಣಗಿತ್ತು. ಆ ನೆಟೆ ಬಗ್ಗೆ ಹದಿನೈದು ಹಳ್ಳಿ ತಿರುಗಿ ಇವನೇ ವರದಿ ಬರೆದಿದ್ದ, ಅಚ್ಚಾಗಿ ಬಂದಾಗ ಅದು 'ರೈತರಿಗೆ ಸರ್ಕಾರದ ಆಸರೆ' ಆಗಿತ್ತು, ಮಂತ್ರಿಗಳ ಫೋಟೋ, ರೋಗದ ಮಾತು ಕಡೆಗೆ ಎರಡು ಸಾಲು. ಮ್ಯಾಲೆ ಇವನ ಹೆಸರು. ಅಪ್ಪ ಅದೇ ಪೇಪರ್ ಮಡಚಿ ಭಜ್ಜಿ ಗಡಿಗೆ ಕೆಳಗ ಇಟ್ಟಿದ್ರು. ಬೈಲಿಲ್ಲ. ಇಷ್ಟೇ ಕೇಳಿದ್ರಂತೆ:

"ಇದ್ರಾಗ ನಿನ್ನ ಹೆಸರೊಂದೇ ಖರೆ ಅದ ಏನೋ ತಮ್ಮಾ?"

ಹೇಳಿ ಅತ್ತುಬಿಟ್ಟ. ನನಗೂ ಗಂಟಲು ಕಟ್ತು, ಯಾಕಂದ್ರೆ ನಮ್ಮಪ್ಪನೂ ತೊಗರಿ ಬೆಳೆದವ್ರೇ.

ನಾನು ಕೊಟ್ಟ ಸಲಹೆ ಕೇಳಿ ಗೆಳೆಯರೊಬ್ರು ನನ್ನನ್ನ ಹೇಡಿ ಅಂದ್ರು, ಅನ್ಲಿ. ರಾಜೀನಾಮೆ ಕೊಡು ಅನ್ಲಿಲ್ಲ ನಾನು. ಮನೆ ಲೋನ್ ಅದೆ, ಎರಡು ಮಕ್ಕಳಿದಾವೆ, ಕಂತು ಕಟ್ಟೋದು ನಾನಲ್ಲ. ನಾನು ಹೇಳಿದ್ದು, ನೀವು ಬರೆಯದೇ ಇದ್ದಿದ್ದಕ್ಕೆ 'ನನ್ನ ಹೆಸರು ಹಾಕ್ಬೇಡಿ' ಅಂತ ಸಂಪಾದಕರನ್ನ ಕೇಳ್ರಿ, ಅಷ್ಟೇ. ಮೂಲ ವರದಿ ತಾರೀಖು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಇಟ್ಕೊಳ್ರಿ, ಅಪ್ಪಗ ಅದನ್ನ ಓದಿ ತೋರಿಸ್ರಿ. ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಕೊಡೋ 19(1)(ಎ) ವಿಧಿ ಇರೋದು ಮುಖ್ಯವಾಗಿ ಸರ್ಕಾರದ ಕೈ ಕಟ್ಟೋಕೆ, ಮಾಲೀಕ ತನ್ನ ಪೇಪರಲ್ಲಿ ಸುದ್ದಿ ತಿರುಚಿದ್ರೆ ಅದನ್ನ ಹಿಡ್ಕೊಂಡು ವರದಿಗಾರ ಜಗಳ ತೆಗೆಯೋದು ಸಲೀಸಲ್ಲ, ಇದು ಎಷ್ಟೋ ಪತ್ರಕರ್ತರಿಗೇ ತಲೆಗೆ ಹೋಗಿರಲ್ಲ. ಶೋಯೆಬುಲ್ಲಾ ಖಾನ್ ಸಂಪಾದಕರಾಗಿದ್ರು, ಏನು ಅಚ್ಚಾಗ್ಬೇಕು ಅನ್ನೋದು ಅವರ ಕೈಯಲ್ಲಿತ್ತು. ನಿಮ್ಮ ಕೈಯಲ್ಲಿ ಇರೋದು ನಿಮ್ಮ ಹೆಸರು ಒಂದೇ, 180 ದೇಶದ ಪಟ್ಟಿ ಎದೆ ಮೇಲೆ ಹೇರ್ಕೊಂಡ್ರೆ ಯಾರಿಗೆ ನಿದ್ದೆ ಬರ್ತದ್ರಿ?

ಸಂಪಾದಕರು ಎರಡು ನಿಮಿಷಕ್ಕೇ ಒಪ್ಕೊಂಡ್ರಂತೆ, 'ನಮ್ಮ ಪ್ರತಿನಿಧಿಯಿಂದ' ಅಂತ ಹಾಕೋಣ ಬಿಡು ಅಂದ್ರಂತೆ. ಅಷ್ಟು ಸಲೀಸಾಗಿ ಒಪ್ಪಿದ್ದೇ ಅವನಿಗೆ ಇನ್ನೊಂದು ನೋವು, ಅದಕ್ಕೆ ಇನ್ನೂ ಎರಡು ಸಿಟ್ಟಿಂಗ್ ಹಿಡೀತು.

ಹೋದ ತಿಂಗಳು ಫೋನ್ ಮಾಡಿದ್ದ. ನಿದ್ದೆ ಪರವಾಗಿಲ್ಲ, ಅಪ್ಪ ಪೇಪರ್ ಇನ್ನೂ ಮುಟ್ಟಲ್ವಂತೆ, ನೋಟ್‌ಬುಕ್ ಮಾತ್ರ ಓದಿಸ್ಕೊಂಡು ಕೇಳ್ತಾರಂತೆ. ಎಪಿಎಂಸಿಯ ತೊಗರಿ ರೇಟಿನ ಕಾಲಂಗೆ ತನ್ನ ಹೆಸರು ಹಾಕ್ರಿ ಅಂತ ಆಫೀಸಲ್ಲಿ ಕೇಳಿದಾನೆ, ಎಲ್ರೂ ನಕ್ಕರಂತೆ.

"ಅದನ್ನ ಯಾರೂ ತಿದ್ದಂಗಿಲ್ಲ ನೋಡ್ರಿ ಮೇಡಂ" ಅಂದ.