ಪದೇ ಪದೇ ನೆಗಡಿ ಅಂದರೆ ರೋಗನಿರೋಧಕ ಶಕ್ತಿ ಕಡಿಮೆ ಅಂತಲ್ಲ

ಮೂರು ವರ್ಷದ ಮಗಳಿಗೆ ಶಾಲೆ ಸೇರಿದಾಗಿನಿಂದ ತಿಂಗಳು ತಿಂಗಳು ನೆಗಡಿ, ರೋಗನಿರೋಧಕ ಶಕ್ತಿ ಕಡಿಮೆ ಇದೆಯಾ ಅಂತ ಕೇಳಿದ್ದೀರಿ. ನೋಡುವವರಿಗೆ ಸಂಕಟವೇ, ಅಲ್ವಾ? ಆದರೆ ಈ ವಯಸ್ಸಿನಲ್ಲಿ ವರ್ಷಕ್ಕೆ 6ರಿಂದ 8 ಸಲ ನೆಗಡಿಯಾಗುವುದು ಸಾಮಾನ್ಯ. ನೆಗಡಿ ತರುವ ವೈರಸ್‌ಗಳೇ 200ಕ್ಕಿಂತ ಜಾಸ್ತಿ ಇವೆ. ಹೊಸ ವೈರಸ್ ಬಂದಾಗ ಅದನ್ನು ಗುರುತಿಸಬಲ್ಲ ಬಿಳಿ ರಕ್ತಕಣಗಳು ತೀರಾ ಕಡಿಮೆ ಇರುತ್ತವೆ. ಅವುಗಳ ಸಂಖ್ಯೆ ಹೆಚ್ಚಿ, ಪ್ರತಿಕಾಯ (ವೈರಸ್‌ಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್) ತಯಾರಿಸಲು ಸುಮಾರು ಒಂದು ವಾರ ಬೇಕು. ಆಮೇಲೆ ಕೆಲವು ಕಣಗಳು ಆ ವೈರಸ್‌ನ ನೆನಪು ಇಟ್ಟುಕೊಂಡು ಉಳಿಯುತ್ತವೆ. ಮಗಳ ದೇಹ ಈಗ ಈ ಪಾಠವನ್ನೇ ಕಲಿಯುತ್ತಿದೆ. ಸುಮ್ನೆ ಟಾನಿಕ್ ಕೊಡಬೇಡಿ. ನಿದ್ದೆ, ಊಟ, ಲಸಿಕೆ ತಪ್ಪದಿರಲಿ. ತೂಕ ಏರದಿದ್ದರೆ, ನ್ಯುಮೋನಿಯಾ ಮತ್ತೆ ಮತ್ತೆ ಬಂದರೆ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.